ಹಾಡಿನ ಜೊತೆ ಹೆಸರೂ ಹೋಗಲಿ

ಹುಣಸೂರಿನ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ 1994ರಿಂದ 2003ರವರೆಗೆ ನಾನೊಂದು ಕ್ಯಾಸೆಟ್ ಅಂಗಡಿ ನಡೆಸಿದೆ. ಆರಡಿ ಅಗಲ, ಎಂಟಡಿ ಉದ್ದದ ಮಳಿಗೆ. ಒಂದು ಡಬಲ್ ಡೆಕ್, ಎರಡು ಸ್ಪೀಕರು, ಗೋಡೆ ತುಂಬ ಕ್ಯಾಸೆಟ್ಟು. ಜನ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ತರುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಪಟ್ಟಿ ಇಲ್ಲದೆ ಬಂದು ‘ಚೆನ್ನಾಗಿರೋವು ಹಾಕ್ಕೊಡಿ’ ಅಂದವರಿಗೆ ನನಗೆ ಹಿಡಿಸಿದ್ದನ್ನು ಆರಿಸಿ ಜೋಡಿಸುತ್ತಿದ್ದೆ. ಆ ಕೆಲಸ ನನಗೆ ಬಹಳ ಇಷ್ಟ.

ಆ ಮಳಿಗೆ ಈಗ ಜೆರಾಕ್ಸ್ ಅಂಗಡಿ. ಹಂಚುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ತಿಂಗಳಿಗೊಮ್ಮೆ ಹತ್ತು ಹನ್ನೆರಡು ಹಾಡು ಆರಿಸಿ ಸ್ನೇಹಿತರಿಗೆ ತಿಳಿಸುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಓಡಾಡುವಾಗ ಕಂಡ ಗೋಡೆ ಚಿತ್ರ, ಲಾರಿ ಹಿಂದಿನ ಬರಹ, ಅಂಗಡಿ ಬೋರ್ಡುಗಳ ಫೋಟೋ ತೆಗೆದು ತೋರಿಸುತ್ತೇನೆ. ಈಚೆಗೆ ಕಾಲೇಜಿನ ನಾಲ್ಕೈದು ಹುಡುಗರು ಬಂದು, ‘ನಾವೂ ಹಿಂಗೆ ಮಾಡ್ಬೇಕು ಅಂತಿದೀವಿ, ಹೆಂಗೆ ಶುರು ಮಾಡೋದು ಅಂಕಲ್?’ ಅಂತ ಕೇಳಿದರು. ಹೇಗೆ ಮಾಡಬೇಕು ಅನ್ನುವುದು ನನಗೂ ಪೂರ್ತಿ ತಿಳಿದಿಲ್ಲ. ಎಲ್ಲೆಲ್ಲಿ ತಪ್ಪಿದೆ ಅನ್ನುವುದು ಗೊತ್ತು. ಅದನ್ನೇ ಬರೆದಿದ್ದೇನೆ.

1. ಯಾರ ಕಿವಿಗೆ, ಯಾವ ಹೊತ್ತಿಗೆ ಅಂತ ಮೊದಲು ಕೇಳಿ

ಅಂಗಡಿ ತೆರೆದ ಮೊದಲ ತಿಂಗಳು. ಎಚ್.ಡಿ. ಕೋಟೆ ಕಡೆಯ ಟೆಂಪೊ ಡ್ರೈವರ್ ಒಬ್ಬರು ಬಂದು ಒಂದು ಕ್ಯಾಸೆಟ್ ತುಂಬಿಸಿಕೊಡಿ ಅಂದರು. ನನಗೆ ಭಾವಗೀತೆಯ ಹುಚ್ಚು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅಂತ ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತಲ್ಲ, ನಿಸಾರ್ ಅಹಮದರ ಕವಿತೆಗೆ ಮೈಸೂರು ಅನಂತಸ್ವಾಮಿಯವರ ಸಂಗೀತ, ಅದನ್ನು ಕೇಳುತ್ತಲೇ ಬೆಳೆದವನು ನಾನು. ಅದೇ ಜಾಡಿನಲ್ಲಿ ತೊಂಬತ್ತು ನಿಮಿಷವೂ ನಿಧಾನದ ಹಾಡುಗಳನ್ನೇ ತುಂಬಿಸಿ ಕೊಟ್ಟೆ. ಮೂರನೇ ದಿನ ಅವರು ತಿರುಗಿ ಬಂದರು. ‘ಹಾಡು ಚೆಂದಾಗವೆ ಅಣ್ಣ. ಆದ್ರೆ ಬೆಳಗಿನ ಜಾವ ಗಾಡಿ ಓಡ್ಸೋವಾಗ ಕಣ್ಣು ಎಳೀತವೆ’ ಅಂದರು. ರಾತ್ರಿ ಎರಡಕ್ಕೆ ಎದ್ದು ತರಕಾರಿ ಹೇರಿಕೊಂಡು ಮೈಸೂರು ಮಾರ್ಕೆಟ್ಟಿಗೆ ಹೋಗುವವರು ಅವರು. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ, ‘ಅರವತ್ತರದ್ದೋ ತೊಂಬತ್ತರದ್ದೋ?’ ಅಂತ. ಅವರ ಕಣ್ಣು ಅರೆಗಳಿಗೆ ಮುಚ್ಚಿದ್ದರೆ ಏನಾಗುತ್ತಿತ್ತು ಅಂತ ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ದುಡ್ಡು ತೆಗೆದುಕೊಳ್ಳದೆ ‘ಪ್ರೇಮಲೋಕ’ದಿಂದ ಶುರುಮಾಡಿ ಹಂಸಲೇಖರ ಕುಣಿಸುವ ಹಾಡುಗಳನ್ನು ತುಂಬಿಸಿಕೊಟ್ಟೆ. ಆಮೇಲೆ ಬಂದವರನ್ನೆಲ್ಲ ಮೂರು ಮಾತು ಕೇಳುತ್ತಿದ್ದೆ: ಎಲ್ಲಿ ಕೇಳ್ತೀರಿ, ಯಾವ ಹೊತ್ತಲ್ಲಿ, ಜೊತೆಗೆ ಯಾರಿರ್ತಾರೆ.

2. ಅಳತೆ ಮೀರಬೇಡಿ

ಅರವತ್ತರ ಕ್ಯಾಸೆಟ್ಟಿಗೆ ಒಂದು ಮಗ್ಗುಲು ಮೂವತ್ತು ನಿಮಿಷ. ಮೊದಲ ನಾಲ್ಕೈದು ಸೆಕೆಂಡಿನ ಪಟ್ಟಿಯಲ್ಲಿ ಏನೂ ದಾಖಲಾಗುವುದಿಲ್ಲ. ಇಷ್ಟು ಲೆಕ್ಕ ಹಾಕದೆ ನಾನೊಂದು ಮದುವೆ ಕೆಡಿಸಿದ್ದೇನೆ. ಕೆ.ಆರ್. ನಗರದ ಕಡೆಯ ಒಂದು ಮನೆಯವರಿಗೆ ವಾಲಗದವರನ್ನು ಕರೆಸುವ ಅನುಕೂಲ ಇರಲಿಲ್ಲ. ‘ನಾದಸ್ವರ ತುಂಬ್ಸಿ ಕೊಡಿ, ಟೇಪಲ್ಲೇ ಹಾಕ್ಕೋತೀವಿ’ ಅಂದರು. ಗಟ್ಟಿಮೇಳವನ್ನು ಮೊದಲ ಮಗ್ಗುಲಿನ ಕೊನೆಗೆ ಹಾಕಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಅದು ಅರ್ಧಕ್ಕೇ ಮುಗಿದು ಟೇಪಿನ ಗುಂಡಿ ಟಕ್ಕೆಂದು ಮೇಲೆದ್ದಿತಂತೆ. ಆ ಮನೆಯ ಹಿರಿಯರು ಬಂದು ಬೈಯಲಿಲ್ಲ, ಸುಮ್ಮನೆ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ಎಂಪಿ3 ಸಿಡಿ ಬಂದಾಗ ಇದಕ್ಕೆ ತಿರುಗುಮುರುಗಾದ ತಪ್ಪು ಮಾಡಿದೆ. 700 ಎಂಬಿಯ ಒಂದು ತಟ್ಟೆಗೆ ನೂರೈವತ್ತು ಹಾಡು ಹಿಡಿಯುತ್ತದೆ ಅಂತ ಅಷ್ಟನ್ನೂ ತುಂಬಿದೆ. ಹನ್ನೆರಡು ಗಂಟೆಯ ಸಂಗೀತ. ಯಾರನ್ನು ಕೇಳಿದರೂ ಮೊದಲ ಏಳೆಂಟು ಹಾಡಿನ ಮಾತೇ ಆಡುತ್ತಿದ್ದರು, ಮಿಕ್ಕವನ್ನು ಕೇಳಿದವರೇ ಇಲ್ಲ. ಈಗ ಹನ್ನೆರಡಕ್ಕಿಂತ ಹೆಚ್ಚು ಕಳಿಸುವುದಿಲ್ಲ.

3. ಕೆಳಗಿನ ಸಾಲಿಗೆ ತಳ್ಳಿದ ಹಾಡುಗಳ ಹತ್ತಿರ ಮತ್ತೆ ಹೋಗಿ

ನನ್ನ ಅಂಗಡಿಯಲ್ಲಿ ಕಣ್ಣೆತ್ತರಕ್ಕೆ ಭಾವಗೀತೆ, ಅದರ ಮೇಲೆ ಸಿನಿಮಾ. ನಮ್ಮ ಕಡೆ ಮಾದಪ್ಪ ಅಂತ ಕರೆಯುವ ಮಹದೇಶ್ವರನ ಕಥೆ, ಮಂಟೇಸ್ವಾಮಿ ಕಥೆ, ಕಂಸಾಳೆ ಮಹದೇವಯ್ಯನವರು, ಮೈಸೂರು ಗುರುರಾಜ್ ಅವರ ಕ್ಯಾಸೆಟ್ಟುಗಳೆಲ್ಲ ಮೊಣಕಾಲಿನ ಕೆಳಗೆ. ಕೇಳಿದವರಿಗೆ ಬಗ್ಗಿ ತೆಗೆದುಕೊಡುತ್ತಿದ್ದೆ. ಮಾರಾಟದಲ್ಲಿ ಅವೇ ಮುಂದಿದ್ದವು. ಆದರೂ ಅವನ್ನು ಮೇಲೆ ಇಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಭಿರುಚಿ ಅಂದರೆ ನನ್ನದು ಅಂತ ನಂಬಿದ್ದ ಕಾಲ ಅದು.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಎಲೆ ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಸೊಪ್ಪು ಬೇಯಿಸುವ ಮನೆಯಲ್ಲಿ ಏರಿಸಿ ಬೇಯಿಸಬೇಕು. ಒಂದು ಸಲ ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಒಲೆ ಕಾಯಬೇಕು. ಶಾಖ ಹೆಚ್ಚಾದರೂ ಕಷ್ಟ, ಇಳಿದರೂ ಕಷ್ಟ. ಮಳೆಗಾಲದ ಆ ರಾತ್ರಿಗಳಲ್ಲಿ ಸೌದೆ ತಳ್ಳುತ್ತ ಕೂತವರಿಗೆ ಟೇಪ್ ರೆಕಾರ್ಡರೇ ಜೊತೆ. ಒಬ್ಬ ರೈತರು ಬಂದು ‘ಬ್ಯಾರನ್ ಹತ್ರ ಕೇಳಕ್ಕೆ’ ಅಂದಾಗ ನಾನು ಎಚ್ಚರ ಇರಿಸುವ ಹಾಡು ಅಂತ ಟೆಂಪೊದವರಿಗೆ ಕೊಟ್ಟದ್ದನ್ನೇ ಕೊಟ್ಟೆ. ಮತ್ತೆ ಬಂದರು. ‘ಇದು ಒಂದೊಂದೇ ತುಣುಕು ಕಣಪ್ಪ. ಮಾದಪ್ಪನ ಕಥೆ ಕೊಡು, ಮುಂದೇನಾಯ್ತು ಮುಂದೇನಾಯ್ತು ಅಂತ ಬೆಳಗಾಗ್ಬೇಕು’ ಅಂದರು.

ಒಂದು ರಾತ್ರಿ ಅವರ ಬ್ಯಾರನ್ನಿಗೆ ಹೋದೆ. ಕ್ಯಾಸೆಟ್ಟಿನ ಮಗ್ಗುಲು ಮುಗಿದಾಗ ಅವರು ಎದ್ದು ಸೌದೆ ತಳ್ಳಿ, ಥರ್ಮಾಮೀಟರ್ ನೋಡಿ, ಕ್ಯಾಸೆಟ್ ತಿರುವಿ ಹಾಕಿ ಮತ್ತೆ ಕೂರುತ್ತಿದ್ದರು. ಅರ್ಧ ಗಂಟೆಗೊಮ್ಮೆ ಒಲೆ ನೋಡಬೇಕು ಅನ್ನುವುದಕ್ಕೆ ಆ ಕಥೆಯೇ ಗಡಿಯಾರ. ಸಂಗೀತ ಹೀಗೆ ದುಡಿಮೆಯ ಪಕ್ಕದಲ್ಲಿ ಕೂರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಾರನೆಯ ದಿನವೇ ಆ ಕ್ಯಾಸೆಟ್ಟುಗಳನ್ನು ಕಣ್ಣೆತ್ತರಕ್ಕೆ ತಂದಿಟ್ಟೆ.

1996ರಲ್ಲಿ ‘ಜನುಮದ ಜೋಡಿ’ ಬಂತು. ನಾಗಾಭರಣರ ನಿರ್ದೇಶನ, ವಿ. ಮನೋಹರ್ ಸಂಗೀತ. ಅದರಲ್ಲಿ ಎಲ್.ಎನ್. ಶಾಸ್ತ್ರಿಯವರು ಹಾಡಿದ ‘ಕೋಲುಮಂಡೆ’ ಊರೂರಲ್ಲಿ ಮೊಳಗಿತು. ಹಿಂದೆಂದೂ ಮಾದಪ್ಪನ ಪದದ ಕಡೆ ಕಣ್ಣೂ ಹಾಯಿಸದವರು ಅದನ್ನೇ ಕೇಳಿಕೊಂಡು ಬಂದರು. ಬ್ಯಾರನ್ನಿನ ಆ ರೈತರಿಗೆ ಅದೇನೂ ಹೊಸದಾಗಿರಲಿಲ್ಲ.

4. ಹೆಸರು ಬರೆಯದೆ ಹಂಚಬೇಡಿ

ಇದನ್ನು ಬರೆಯುವುದು ಕಷ್ಟ.

1998ರಲ್ಲಿ ಬೆಟ್ಟದಪುರದ ಕಡೆ ಒಂದು ಮದುವೆಗೆ ಹೋಗಿದ್ದೆ. ಚಪ್ಪರದ ಮೂಲೆಯಲ್ಲಿ ನಾಲ್ಕಾರು ಹೆಂಗಸರು ಸೋಬಾನೆ ಹಾಡುತ್ತಿದ್ದರು. ಎತ್ತಿಕೊಡುತ್ತಿದ್ದ ಅಜ್ಜಿಯ ದನಿಯಲ್ಲಿ ಒಂದು ಒಡಕಿತ್ತು. ಆ ಒಡಕಿನಲ್ಲೇ ಹಾಡು ತುಂಬಿ ಬರುತ್ತಿತ್ತು. ಕೈಯಲ್ಲಿದ್ದ ಸಣ್ಣ ಟೇಪ್ ರೆಕಾರ್ಡರ್ ಒತ್ತಿದೆ. ಊರಿಗೆ ಬಂದು ಆ ಹಾಡನ್ನು ನನ್ನದೊಂದು ಮಿಕ್ಸ್ ಕ್ಯಾಸೆಟ್ಟಿನ ‘ಬಿ’ ಮಗ್ಗುಲಲ್ಲಿ ಮೂರನೆಯದಾಗಿ ಸೇರಿಸಿದೆ, ಹಿಂದೆ ಮುಂದೆ ಸಿನಿಮಾ ಹಾಡು. ಒಳಚೀಟಿಯಲ್ಲಿ ಸಿನಿಮಾ ಹಾಡುಗಳಿಗೆಲ್ಲ ಚಿತ್ರದ ಹೆಸರು, ಹಾಡಿದವರ ಹೆಸರು ಬರೆದೆ. ಮೂರನೆಯದಕ್ಕೆ ‘ಹಳ್ಳಿ ಹಾಡು’ ಅಂತ ಬರೆದೆ. ಅಜ್ಜಿಯ ಹೆಸರು ಕೇಳಿರಲಿಲ್ಲ, ಕೇಳಬೇಕು ಅನ್ನಿಸಿರಲೂ ಇಲ್ಲ. ಮೂವತ್ತು ನಲವತ್ತು ಕಾಪಿ ಹೋಗಿರಬಹುದು. ಆ ಕಾಪಿಗಳಿಂದ ಮತ್ತೆಷ್ಟು ಕಾಪಿಯೋ.

ಮೂರು ವರ್ಷದ ಮೇಲೆ ಒಬ್ಬ ಹುಡುಗಿ ತನ್ನ ಚಿಕ್ಕಪ್ಪನ ಜೊತೆ ಅಂಗಡಿ ಹುಡುಕಿಕೊಂಡು ಬಂದಳು. ಚುಂಚನಕಟ್ಟೆ ಜಾತ್ರೆಗೆ ಹೋಗುವ ಗಾಡಿಯಲ್ಲಿ ಆ ಹಾಡು ಕೇಳಿದಳಂತೆ. ‘ನಮ್ಮಜ್ಜಿ ದನಿ ಅದು. ಅಜ್ಜಿ ಹೋಗಿ ಒಂದ್ವರ್ಷ ಆಯ್ತು. ಒಂದು ಕಾಪಿ ಕೊಡಿ ಅಣ್ಣ’ ಅಂದಳು. ಗಾಡಿಯವನು ನನ್ನ ಅಂಗಡಿಯ ಗುರುತು ಹೇಳಿದ್ದ.

ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೆ ಏನೂ ರೆಕಾರ್ಡ್ ಆಗದು. ಮತ್ತೆ ರೆಕಾರ್ಡ್ ಮಾಡಬೇಕೆಂದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸುತ್ತಿದ್ದೆವು. ಆ ಸೋಬಾನೆಯ ಮೂಲ ಕ್ಯಾಸೆಟ್ಟಿಗೆ ನಾನೇ ಸೆಲ್ಲೋಟೇಪ್ ಅಂಟಿಸಿ, ಖಾಲಿ ಕ್ಯಾಸೆಟ್ಟು ಮುಗಿದುಹೋಗಿದ್ದ ಒಂದು ದಿನ ಅದರ ಮೇಲೆ ಬೇರೆ ತುಂಬಿಸಿ ಮಾರಿಬಿಟ್ಟಿದ್ದೆ. ಮಿಕ್ಸಿನ ನನ್ನ ಕಾಪಿಯೂ ಉಳಿದಿರಲಿಲ್ಲ. ಯಾರಿಗೆ ಕೊಟ್ಟೆ ಅಂತ ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ. ಆ ಹುಡುಗಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ನಾನು ಒಂದೊಂದೇ ಕ್ಯಾಸೆಟ್ ತೆಗೆದು ಡೆಕ್ಕಿಗೆ ಹಾಕಿ ನೋಡುತ್ತಿದ್ದೆ, ಇರುವುದಿಲ್ಲ ಅಂತ ಗೊತ್ತಿದ್ದೂ.

ಅಜ್ಜಿಯ ಹೆಸರನ್ನು ಅವತ್ತು ಬರೆದುಕೊಂಡೆ. ಹಾಡು ಸಿಕ್ಕಿಲ್ಲ.

5. ಅಪ್ಪಣೆ ಇಲ್ಲದೆ ಗುಂಡಿ ಒತ್ತಬೇಡಿ

ಎಚ್.ಡಿ. ಕೋಟೆ ತಾಲ್ಲೂಕಿನ ಜೇನುಕುರುಬರ ಒಂದು ಹಾಡಿಗೆ, ಅಂದರೆ ಅವರ ಪುಟ್ಟ ಊರಿಗೆ, ಸ್ನೇಹಿತನೊಂದಿಗೆ ಹೋಗಿದ್ದೆ. ರಾತ್ರಿ ಹಾಡು ಶುರುವಾದಾಗ ಜೇಬಿನೊಳಗೇ ಟೇಪ್ ಓಡಿಸಿದೆ. ಹಿರಿಯರೊಬ್ಬರು ಗಮನಿಸಿದರು. ‘ತಗೊಂಡೋಗಿ ಏನ್ ಮಾಡ್ತೀಯ?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಹಾಡು ಮುಗಿದ ಮೇಲೆ, ಇದು ಹೊರಗೆ ಹೋಗುವ ಹಾಡಲ್ಲ ಅಂತಷ್ಟೇ ಹೇಳಿದರು. ಅವರೆದುರೇ ಅಳಿಸಿದೆ. ಕಬಿನಿ ಅಣೆಕಟ್ಟೆಯ ನೀರು ನಿಂತಾಗ, ನಾಗರಹೊಳೆಯ ಕಾಡು ರಕ್ಷಿತವಾದಾಗ ನೆಲ ಬಿಟ್ಟು ಬಂದ ಜನ ಅವರು. ಅವರ ಹತ್ತಿರ ಉಳಿದದ್ದನ್ನೂ ನಾನು ಜೇಬಿಗೆ ಹಾಕಿಕೊಂಡು ಹೊರಟಿದ್ದೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಸಮುದಾಯ ಬಾನುಲಿ ಶುರುವಾದಾಗ ನನಗೆ ಆದ ಸಂತೋಷಕ್ಕೆ ಕಾರಣ ಇದೇ. ಅಲ್ಲಿ ಸುತ್ತಲಿನ ಜನರೇ ತಮ್ಮ ಮಾತು, ಹಾಡನ್ನು ತಾವಾಗಿ ಗಾಳಿಗೆ ಬಿಡಬಹುದು.

6. ನಾನು ಮಾರಿದ್ದು ಬೇರೆಯವರ ದುಡಿಮೆ

ಕಂಪನಿ ಕ್ಯಾಸೆಟ್ಟಿನಿಂದ ಹಾಡು ಎತ್ತಿ ತುಂಬಿಸಿ ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧ. ಊರಲ್ಲೆಲ್ಲ ಅದೇ ನಡೆಯುತ್ತಿತ್ತು, ನಾನೂ ಮಾಡಿದೆ. ಒಂಬತ್ತು ವರ್ಷ ಅದರಲ್ಲೇ ಸಂಸಾರ ನಡೆಯಿತು. ಈಗ ಹಾಡಿನ ಫೈಲ್ ಕಳಿಸುವುದಿಲ್ಲ. ಹೆಸರು, ಹಾಡಿದವರು, ಬರೆದವರು, ಎಲ್ಲಿ ಸಿಗುತ್ತದೆ ಅನ್ನುವುದನ್ನು ಬರೆದು ಕಳಿಸುತ್ತೇನೆ. ಹುಡುಕಿ ಕೇಳುವುದು ಅವರಿಗೆ ಬಿಟ್ಟದ್ದು.

7. ತಪ್ಪು ಹೆಸರು, ಹೆಸರಿಲ್ಲದಿರುವುದಕ್ಕಿಂತ ನೋವಿನದು

1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ ಟಿಬೆಟಿನವರು ಬೈಲಕುಪ್ಪೆಯಲ್ಲಿ ನೆಲೆಸಿದರು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ. ಅಲ್ಲಿಯ ಒಬ್ಬ ಯುವಕ ನನ್ನ ಅಂಗಡಿಗೆ ಬರುತ್ತಿದ್ದ. ರಾಜ್‌ಕುಮಾರ್ ಹಾಡು ತುಂಬಿಸಿಕೊಳ್ಳುತ್ತಿದ್ದ. ಒಮ್ಮೆ ತಮ್ಮ ಭಾಷೆಯ ಒಂದು ಕ್ಯಾಸೆಟ್ ಕೊಟ್ಟು, ‘ಇದೂ ಕೇಳಿ ನೋಡಿ’ ಅಂದ. ದ್ರಾನ್ಯೆನ್ ಅನ್ನುವ ತಂತಿವಾದ್ಯದ ಹಾಡು, ಬಹಳ ಹಿಡಿಸಿತು. ಒಂದು ಮಿಕ್ಸಿಗೆ ಸೇರಿಸಿದೆ. ಚೀಟಿಯಲ್ಲಿ ‘ನೇಪಾಳಿ ಹಾಡು’ ಅಂತ ಬರೆದೆ. ಮುಂದಿನ ಸಲ ಬಂದಾಗ ಅವನು ಚೀಟಿ ನೋಡಿದ. ಪೆನ್ನು ಕೇಳಿ ಪಡೆದು ಆ ಪದ ಹೊಡೆದು, ಕನ್ನಡದಲ್ಲೇ ನಿಧಾನವಾಗಿ ‘ಟಿಬೆಟ್’ ಅಂತ ಬರೆದ. ದೇಶ ಬಿಟ್ಟು ಬಂದವರ ಮಗ. ಕೈಯಲ್ಲಿ ಉಳಿದದ್ದೇ ಆ ಹೆಸರು. ಅದನ್ನು ನಾನು ಅಜಾಗರೂಕತೆಯಿಂದ ಅಳಿಸಿದ್ದೆ.

8. ಬೆಂಗಳೂರಿಗೆ ಹೋಗುವ ಮೊದಲು ನಿಮ್ಮ ಬೀದಿ ನೋಡಿ

2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಒಂದು ಮೊಸಳೆ ಮಲಗಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಮಾಡಿಟ್ಟ ಮೊಸಳೆ. ಅವರು ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತವರು ಅಂತ ನಮಗೆಲ್ಲ ಹೆಮ್ಮೆ. 2019ರಲ್ಲಿ ಗುಂಡಿಬಿದ್ದ ರಸ್ತೆಯನ್ನೇ ಚಂದ್ರನ ನೆಲ ಮಾಡಿ, ಗಗನಯಾತ್ರಿಯ ಉಡುಪಿನವರೊಬ್ಬರನ್ನು ಅದರ ಮೇಲೆ ನಡೆಸಿದರು. ಎರಡನ್ನೂ ನಾನು ಕಂಡಕಂಡವರಿಗೆ ತೋರಿಸಿದೆ, ಬೆಂಗಳೂರಿನ ಗೋಡೆ ಚಿತ್ರಗಳನ್ನು ನೋಡಲೆಂದೇ ಎರಡು ಸಲ ಹೋಗಿ ಬಂದೆ.

ಟೀ ಅಂಗಡಿಯಲ್ಲಿ ಆ ಫೋಟೋಗಳನ್ನು ತೋರಿಸುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲ್ಲವನ್ನೂ ಶ್ರದ್ಧೆಯಿಂದ ನೋಡಿದರು. ‘ಭಾಳ ಚೆನ್ನಾಗದೆ’ ಅಂದರು. ಆಮೇಲೆ, ‘ನಿಮ್ಮಂಗ್ಡಿ ಬೋರ್ಡು ಐತಾ?’ ಅಂತ ಕೇಳಿದರು. 1994ರಲ್ಲಿ ನನ್ನ ಕ್ಯಾಸೆಟ್ ಅಂಗಡಿಯ ಬೋರ್ಡು ಬರೆದವರು ಅವರೇ. ಕಪ್ಪು ತಗಡಿನ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು, ಮೂಲೆಯಲ್ಲಿ ಬಿಚ್ಚಿಕೊಂಡ ಕ್ಯಾಸೆಟ್ ರೀಲೊಂದು ಬಳ್ಳಿಯ ಹಾಗೆ ಸುತ್ತಿಕೊಂಡ ಚಿತ್ರ. ಜೆರಾಕ್ಸ್ ಅಂಗಡಿಯಾದಾಗ ಅದನ್ನಿಳಿಸಿ ಫ್ಲೆಕ್ಸ್ ಹಾಕಿಸಿದೆ. ತಗಡನ್ನು ಗುಜರಿಗೆ ಹಾಕಿದೆ. ಒಂದು ಫೋಟೋ ಕೂಡ ತೆಗೆದಿಟ್ಟಿಲ್ಲ. ಇದನ್ನು ಅವರ ಮುಖ ನೋಡಿ ಹೇಳಬೇಕಾಯಿತು.

ಅವರು ಬೇಜಾರು ತೋರಿಸಲಿಲ್ಲ. ಅವತ್ತು ಸಂಜೆ ನನ್ನನ್ನು ಕರೆದುಕೊಂಡು ಪೇಟೆಯಲ್ಲಿ ಸುತ್ತಾಡಿಸಿದರು. ದಾರಕ್ಕೆ ಸೀಮೆಸುಣ್ಣ ಬಳಿದು, ಎರಡು ಕಡೆ ಹಿಡಿದು, ನಡುವೆ ಎಳೆದು ಬಿಟ್ಟರೆ ತಗಡಿನ ಮೇಲೆ ಗೆರೆ ಬೀಳುತ್ತದೆ. ಕನ್ನಡಕ್ಕೆ ಎರಡು ಗೆರೆ ಸಾಲದು ಅಂದರು, ಮೂರನೆಯದು ಬೇಕು, ಒತ್ತಕ್ಷರಕ್ಕೆ. ‘ಒತ್ತಿಗೆ ಜಾಗ ಬಿಡ್ದೆ ಬರ್ದವ್ನು ಪೇಂಟ್ರೇ ಅಲ್ಲ’ ಅಂದರು. ಕಂಪ್ಯೂಟರಿನಲ್ಲಿ ಮಾಡಿದ ಫ್ಲೆಕ್ಸುಗಳಲ್ಲಿ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಉಸಿರುಗಟ್ಟಿರುವುದನ್ನು ಬೆರಳಿಟ್ಟು ತೋರಿಸಿದರು. ನಾನು ಇಪ್ಪತ್ತು ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದೆ. ಒಂದು ಸಲವೂ ಕಂಡಿರಲಿಲ್ಲ.

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಕೈಬರಹದವರಿಗೆ ಕೆಲಸ ತಿರುಗಿ ಬರುತ್ತದೆ ಅಂತ ನಾನು ಆಸೆಪಟ್ಟೆ. ಅಂಥದ್ದೇನೂ ಆಗಲಿಲ್ಲ, ಫ್ಲೆಕ್ಸ್ ಹಾಗೇ ಇದೆ. ಆ ಹಿರಿಯರ ಕೈಯಲ್ಲಿ ಈಗ ನಡುಕ.

9. ಚಿತ್ರದ ಜೊತೆ ಗೋಡೆಯೂ, ಗೋಡೆಯ ಜೊತೆ ಬೀದಿಯೂ ಬರಲಿ

ಮೊದಮೊದಲು ಚಿತ್ರವನ್ನಷ್ಟೇ ಹತ್ತಿರದಿಂದ ಹಿಡಿಯುತ್ತಿದ್ದೆ. ಈಗ ಆ ಫೋಟೋಗಳನ್ನು ತೆಗೆದು ನೋಡಿದರೆ ಯಾವ ಊರಿನದು ಅಂತ ನನಗೇ ತಿಳಿಯುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಗೋಡೆಯ ಮೇಲೆ ಅವರು ಮೂಡಿದರು. ಪಿರಿಯಾಪಟ್ಟಣದ ದಾರಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಬರೆದದ್ದು ನನಗೆ ಎಲ್ಲಕ್ಕಿಂತ ಹಿಡಿಸಿತ್ತು. ಮೂಗು ಸ್ವಲ್ಪ ಆಚೀಚೆ ಆಗಿತ್ತು, ನಗು ಮಾತ್ರ ಅವರದೇ. ಗಿರಣಿಯ ಹಿಟ್ಟಿನ ದೂಳು ಬಿದ್ದು ಬಿದ್ದು ಚಿತ್ರಕ್ಕೆ ಒಂದು ಮಬ್ಬು ಬಂದಿತ್ತು. ಬೆಳಕು ಚೆನ್ನಾಗಿರುವಾಗ ತೆಗೆಯೋಣ ಅಂತ ಮೂರು ಸಲ ಬಸ್ಸಿನಿಂದ ನೋಡಿಕೊಂಡು ಹೋದೆ. ನಾಲ್ಕನೇ ಸಲಕ್ಕೆ ಗೋಡೆ ಬಿದ್ದಿತ್ತು, ಹೊಸ ಮಳಿಗೆಗೆ ಪಾಯ ತೋಡುತ್ತಿದ್ದರು. ಕಂಡ ದಿನವೇ ಇಳಿದು ತೆಗೆಯಿರಿ. ಬೆಳಕು ಹೇಗಿದ್ದರೂ ಸರಿ. ತಾರೀಖು, ಊರು, ಬರೆದವರ ಹೆಸರು ಅಲ್ಲೇ ಕೇಳಿ ಬರೆದುಕೊಳ್ಳಿ.

10. ಪೂರ್ತಿ ನೋಡದೆ ಕಳಿಸಬೇಡಿ

ಹೊಸಬರ ಹಾಡಿಗೆ ನಾನು ತಡವಾಗಿ ಬಂದವನು. 2008ರಲ್ಲಿ ರಘು ದೀಕ್ಷಿತ್ ಅವರ ಆಲ್ಬಂನಲ್ಲಿ ಶಿಶುನಾಳ ಷರೀಫರ ಪದ ಕೇಳಿ, ಗಿಟಾರಿಗೆ ಹೀಗೆ ಹಾಡುವುದೇ ಅಂತ ಮುಖ ಸಿಂಡರಿಸಿದೆ. ಸಿ. ಅಶ್ವಥ್ ಹಾಡಿದ್ದನ್ನು ಕೇಳಿ ಬೆಳೆದ ಕಿವಿ. ಅಣ್ಣನ ಮಗ ಎರಡನ್ನೂ ಬೆನ್ನುಬೆನ್ನಿಗೆ ಕೇಳಿಸಿದಾಗ ದಾರಿ ಬೇರೆಯಾದರೂ ಪದ ಒಂದೇ ಅನ್ನಿಸಿತು. ಕನ್ನಡ ರ‍್ಯಾಪನ್ನೂ ಅವನೇ ಕಲಿಸಿದ, ಎಂಸಿ ಬಿಜ್ಜು, ಆಲ್ ಓಕೆ, ರಾಹುಲ್ ಡಿಟ್ಟೊ ಎಲ್ಲರನ್ನೂ.

ಹೊಸದನ್ನು ಒಪ್ಪಿಕೊಂಡ ಉತ್ಸಾಹದಲ್ಲೇ ಎಡವಿದೆ. 2020ರಲ್ಲಿ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಬಂತು. ನಮ್ಮ ಮಾದಪ್ಪನ ಪದ ರ‍್ಯಾಪಿಗೂ ಬಂತಲ್ಲ ಅಂತ ಹಿಗ್ಗಿ, ಒಂದು ನಿಮಿಷ ಕೇಳಿ, ವಿಡಿಯೊ ನೋಡದೆ ಎಲ್ಲರಿಗೂ ಕಳಿಸಿಬಿಟ್ಟೆ. ಅದರಲ್ಲಿ ಮಾದಪ್ಪನ ಕಥೆಯ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಹದೇಶ್ವರನ ಒಕ್ಕಲಿನವರು ಆಕ್ಷೇಪಿಸಿದರು, ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊ ತೆಗೆದರು. ನನಗೆ ಫೋನು ಬಂದದ್ದು ಬ್ಯಾರನ್ನಿನ ಆ ರೈತರ ಮನೆಯಿಂದ. ‘ಸಂಕಮ್ಮ ನಮ್ಗೆ ತಾಯಿ ಅಲ್ವಾ? ನೀನೇ ಕಳ್ಸಿದ್ಯಲ್ಲಪ್ಪ’ ಅಂದರು ಅವರು. ಬ್ಯಾರನ್ನಿನಲ್ಲಿ ನನ್ನನ್ನು ಕೂರಿಸಿಕೊಂಡು ಸಂಕಮ್ಮನ ಕಥೆ ಬಿಡಿಸಿ ಹೇಳಿದ್ದವರು. ಕಳಿಸಿದವರಿಗೆಲ್ಲ ಮತ್ತೆ ಬರೆದು ತಪ್ಪು ಒಪ್ಪಿಕೊಂಡೆ. ಆ ರೈತರ ಮನೆಗೆ ಹೋಗಿ ಬಂದೆ.

ಇನ್ನೊಂದು ಮಾತು, ಇದು ಪಾಠವಲ್ಲ, ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲೋ, ಹಳೇ ಟ್ರಂಕಿನಲ್ಲೋ ಹುಣಸೂರಿನಲ್ಲಿ ತುಂಬಿಸಿದ ಅರವತ್ತರ ಕ್ಯಾಸೆಟ್ಟೊಂದು ಇದ್ದರೆ ಒಳಚೀಟಿ ಒಮ್ಮೆ ನೋಡಿ. ನೀಲಿ ಶಾಯಿಯಲ್ಲಿ, ‘ಬಿ’ ಮಗ್ಗುಲಿನ ಮೂರನೇ ಸಾಲಲ್ಲಿ ‘ಹಳ್ಳಿ ಹಾಡು’ ಅಂತ ಬರೆದಿದ್ದರೆ ದಯವಿಟ್ಟು ಅದನ್ನು ಓಡಿಸಲು ಹೋಗಬೇಡಿ, ಹಳೇ ರೀಲು ಸಿಕ್ಕಿಕೊಂಡು ಹರಿದೀತು. ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದು ಹಾಗೇ ಇಟ್ಟುಕೊಂಡು, ಹುಣಸೂರು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ತಲುಪಿಸಿ. ಅಜ್ಜಿಯ ಮೊಮ್ಮಗಳು ಬೆಟ್ಟದಪುರದ ಕಡೆಯೇ ಇದ್ದಾಳೆ.